ಮೂರನೇ ಪಿನ್ನು

ಮನೆಯ ಕಂಪ್ಯೂಟರಿನ ಲ್ಯಾನ್ ಕಾರ್ಡ್ ಒಂದು ಸಲ ಸುಟ್ಟರೆ ಅದು ಕಾರ್ಡಿನ ಹಣೆಬರಹ ಎನ್ನಬಹುದು. ಎರಡನೇ ಸಲ ಸುಟ್ಟರೆ ಕಂಪನಿಯ ಮೇಲೆ ಅನುಮಾನ ಪಡಬಹುದು. ಮೂರನೆಯದೂ ಸುಟ್ಟಿತೆಂದರೆ ಕಾರ್ಡನ್ನು ಬದಿಗಿಟ್ಟು ಮನೆಯನ್ನೇ ತಪಾಸಣೆ ಮಾಡಬೇಕು. ಆದರೆ ಲೋಕ ನಡೆಯುವುದು ಹಾಗಲ್ಲ. ಚಿತ್ರದುರ್ಗ ಸೀಮೆಯ ಹಿರಿಯೂರಿನಂಥ ಊರಿನಲ್ಲಿ ಬೇಸಿಗೆಯ ಗುಡುಗು ಮಳೆ ಬಿದ್ದ ಮಾರನೆಯ ದಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸುಗ್ಗಿ. ಸಿಪಿಯು ಡಬ್ಬವನ್ನು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಬಂದವರು “ನೆಟ್ ಬರ್ತಿಲ್ಲ, ಸ್ವಲ್ಪ ನೋಡಣ್ಣ” ಎನ್ನುತ್ತಾರೆ. ಅಂಗಡಿಯವರು ಹಿಂಬದಿಯ ದೀಪ ನೋಡಿ “ಲ್ಯಾನ್ ಹೋಗಿದೆ ಸಾರ್, ಬೇರೆ ಕಾರ್ಡ್ ಹಾಕ್ಬೇಕು” ಎನ್ನುತ್ತಾರೆ. ಕೆಲವು ನೂರು ರೂಪಾಯಿ ಕೈ ಬದಲಾಗುತ್ತದೆ, ನೆಟ್ ಬರುತ್ತದೆ, ಇಬ್ಬರಿಗೂ ಸಮಾಧಾನ. ಮುಂದಿನ ಗುಡುಗಿಗೆ ಮತ್ತದೇ ಬೈಕು, ಅದೇ ಡಬ್ಬ, ಅದೇ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇದು. ನನ್ನ ವಾದ ಇಷ್ಟೇ: ಪದೇ ಪದೇ ಹೋಗುವ ಕಾರ್ಡಿನೊಳಗೆ ದೋಷ ಹುಡುಕುವುದು ದಂಡ. ದೋಷ ಇರುವುದು ಗೋಡೆಯ ಸಾಕೆಟ್ಟಿನ ಮೂರನೇ ತೂತಿನ ಹಿಂದೆ, ಕಂಬದಿಂದ ಮನೆಗೆ ಇಳಿದ ತಂತಿಯಲ್ಲಿ, ಅಂಗಳದಲ್ಲಿ ಹೂತು ಮರೆತ ಅರ್ಥಿಂಗ್ ಗುಂಡಿಯಲ್ಲಿ.

ಹಾಗೆಂದು, ಹೋಯಿತೆಂದು ಹೇಳುವ ಕಾರ್ಡುಗಳೆಲ್ಲ ನಿಜವಾಗಿ ಹೋಗಿರುವುದಿಲ್ಲ. ಕೊಲೆಯ ತನಿಖೆಗೆ ಮುಂಚೆ ಸತ್ತದ್ದು ಖಚಿತವಾಗಬೇಕು. ಮದರ್‌ಬೋರ್ಡಿನಲ್ಲೇ ಕೂತಿರುವ ಲ್ಯಾನ್ ಚಿಪ್ಪಿಗೆ ಒಂದು ಚಾಳಿಯಿದೆ: ಕರೆಂಟು ಏರುಪೇರಾದಾಗ ಅದು ಮಂಕು ಕವಿದಂತೆ ನಿಂತುಬಿಡುತ್ತದೆ. ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದರೂ ಏಳುವುದಿಲ್ಲ. ಕಾರಣ, ಆಫ್ ಮಾಡಿದ ಮೇಲೂ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ ಅದಕ್ಕೆ ಹರಿಯುತ್ತಲೇ ಇರುತ್ತದೆ. ಪವರ್ ಕೇಬಲ್ಲನ್ನು ಗೋಡೆಯಿಂದ ಕಿತ್ತು, ಸ್ವಿಚ್ಚನ್ನು ಒಂದಷ್ಟು ಹೊತ್ತು ಒತ್ತಿ ಹಿಡಿದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಎಷ್ಟೋ ಕಾರ್ಡುಗಳು ಎದ್ದು ಕೂರುತ್ತವೆ. ಅಂಗಡಿಯ ಮೇಜಿನ ಮೇಲೆ ‘ತಾನಾಗಿಯೇ ಸರಿಹೋಯಿತು’ ಎನ್ನಿಸುವ ಪವಾಡಗಳ ಗುಟ್ಟು ಬಹುಮಟ್ಟಿಗೆ ಇದೇ, ದಾರಿಯುದ್ದಕ್ಕೂ ಡಬ್ಬಕ್ಕೆ ವಿದ್ಯುತ್ ಇರಲಿಲ್ಲ. ಇನ್ನು ಕೆಲವರು 127.0.0.1ಕ್ಕೆ ಪಿಂಗ್ ಮಾಡಿ ಉತ್ತರ ಬಂತೆಂದು ಕಾರ್ಡ್ ಸರಿಯಿದೆ ಎಂದು ತೀರ್ಪು ಕೊಡುತ್ತಾರೆ. ಆ ಪಿಂಗ್ ಕಾರ್ಡಿನ ಹತ್ತಿರವೂ ಸುಳಿಯುವುದಿಲ್ಲ. ಅದು ಆಪರೇಟಿಂಗ್ ಸಿಸ್ಟಮ್ ತನಗೆ ತಾನೇ ಹೇಳಿಕೊಂಡ ಮಾತು. ಐಪಿ ವಿಳಾಸ 169.254ರಿಂದ ಶುರುವಾದರೆ ರೂಟರಿನಿಂದ ವಿಳಾಸ ಸಿಗಲಿಲ್ಲ ಎಂದಷ್ಟೇ ಅರ್ಥ, ತಪ್ಪು ಕೇಬಲ್ಲಿನದೂ ಇರಬಹುದು. 1000 ಎಂಬಿಪಿಎಸ್ ಬರಬೇಕಾದ ಕಡೆ 100ಕ್ಕೆ ನಿಂತರೆ ಕೇಬಲ್ಲಿನ ನಾಲ್ಕು ಜೋಡಿ ಎಳೆಗಳಲ್ಲಿ ಯಾವುದೋ ಒಂದು ತುಂಡಾಗಿರಬಹುದು, ಏಕೆಂದರೆ ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ನೋಡಿದರೆ ಡ್ರೈವರಿನ ತಕರಾರೋ ಕಾರ್ಡಿನ ತಕರಾರೋ ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕೇಬಲ್, ಪೋರ್ಟ್, ಕಾರ್ಡ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ನೆಟ್ ಬರುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ಇಷ್ಟೆಲ್ಲ ದಾಟಿಯೂ ಕಾರ್ಡ್ ಸತ್ತೇ ಇದ್ದರೆ ಮುಂದಿನ ಪ್ರಶ್ನೆ: ಇಡೀ ಕಂಪ್ಯೂಟರಿನಲ್ಲಿ ಅದೇ ಏಕೆ ಸಾಯಬೇಕು? ಪ್ರೊಸೆಸರ್ ಬದುಕಿದೆ, ಹಾರ್ಡ್‌ಡಿಸ್ಕ್ ಬದುಕಿದೆ, ಮಾನಿಟರ್ ಬದುಕಿದೆ. ಕಂಪನಿ ಕಳಪೆ ಎಂಬುದೇ ಉತ್ತರವಾದರೆ ಕಾರ್ಡುಗಳು ವರ್ಷದ ಎಲ್ಲ ದಿನಗಳಲ್ಲೂ ಒಂದೊಂದಾಗಿ ಸಾಯಬೇಕಿತ್ತು, ಗುಡುಗಿನ ಮಾರನೆಯ ದಿನ ಸಾಲುಗಟ್ಟಬೇಕಿರಲಿಲ್ಲ. ಉತ್ತರ ಅದು ಕೂತಿರುವ ಜಾಗದಲ್ಲಿದೆ. ಕಂಪ್ಯೂಟರಿಗೆ ಹೊರಗಿನಿಂದ ಬರುವ ಉದ್ದ ತಂತಿಗಳು ಎರಡು: ಒಂದು ವಿದ್ಯುತ್ತಿನದು, ಇನ್ನೊಂದು ನೆಟ್ಟಿನದು. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಮುಖಾಮುಖಿಯಾಗುವ ಜಾಗವೇ ಲ್ಯಾನ್ ಕಾರ್ಡ್. ಅಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟಿನ ಹಿಂದೆ ಚಿಕ್ಕ ಕಪ್ಪು ಡಬ್ಬಿಯೊಂದರಲ್ಲಿ ಪುಟಾಣಿ ಟ್ರಾನ್ಸ್‌ಫಾರ್ಮರುಗಳಿವೆ. ತಂತಿಗೂ ಚಿಪ್ಪಿಗೂ ನೇರ ಸಂಪರ್ಕವಿಲ್ಲದಂತೆ ಸಂಕೇತವನ್ನಷ್ಟೇ ದಾಟಿಸುವುದು ಅವುಗಳ ಕೆಲಸ. ಈಥರ್ನೆಟ್ಟಿನ ಐಇಇಇ 802.3 ಮಾನದಂಡದ ಪ್ರಕಾರ ಈ ತಡೆ 1500 ವೋಲ್ಟನ್ನು ಒಂದು ನಿಮಿಷ ತಾಳಬೇಕು. ಮನೆಯೊಳಗಿನ ಮಾಮೂಲಿ ಏರುಪೇರಿಗೆ ಇದು ಧಾರಾಳ. ಆದರೆ ಊರಾಚೆ ಎಲ್ಲೋ ಬಿದ್ದ ಸಿಡಿಲು ಬಯಲಲ್ಲಿ ಹರಡಿದ ತಂತಿಗಳಲ್ಲಿ ಸಾವಿರಾರು ವೋಲ್ಟನ್ನು ಹುಟ್ಟಿಸಬಲ್ಲದು, ತಂತಿಗೆ ತಾಗಲೇಬೇಕೆಂದಿಲ್ಲ. ಆಗ ತಡೆ ಸೋಲುತ್ತದೆ, ಹಿಂದಿರುವ ಚಿಪ್ಪಿನ ಮೈಮೇಲೆ ಸೂಜಿ ಚುಚ್ಚಿದಷ್ಟು ದೊಡ್ಡ ಕಪ್ಪು ಚುಕ್ಕೆಯೊಂದು ಉಳಿಯುತ್ತದೆ. ಎಷ್ಟೋ ಸಲ ಅದೂ ಕಾಣಿಸುವುದಿಲ್ಲ. ಕಳಿಸುವ ಭಾಗ ಸತ್ತು ಪಡೆಯುವ ಭಾಗ ಬದುಕಿದ್ದರೆ ಹಿಂಬದಿಯ ದೀಪ ಉರಿಯುತ್ತಲೇ ಇರಬಹುದು, ನೆಟ್ ಮಾತ್ರ ಇಲ್ಲ.

ಈ ಜಾಗದ ಗ್ರಹಚಾರ ಇಂದಿನದಲ್ಲ. ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ 1973ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಈಥರ್ನೆಟ್ಟನ್ನು ರೂಪಿಸಿದಾಗ ಕಂಪ್ಯೂಟರುಗಳನ್ನು ಜೋಡಿಸಿದ್ದು ದಪ್ಪ ಕೋಯಾಕ್ಸಿಯಲ್ ಕೇಬಲ್. ಮುಂದೆ ಆ ಕೇಬಲ್ಲಿಗೆ ಬಂದ ನಿಯಮಗಳಲ್ಲಿ ಒಂದನ್ನು ಗಮನಿಸಬೇಕು: ಅದರ ಹೊರ ಹೆಣಿಗೆಯನ್ನು ಒಂದೇ ಒಂದು ಜಾಗದಲ್ಲಿ ಭೂಮಿಗೆ ಜೋಡಿಸಬೇಕು. ಎರಡು ಕಡೆ ಜೋಡಿಸಿದರೆ ಎರಡು ಜಾಗದ ಭೂಮಿಯ ವೋಲ್ಟೇಜ್ ವ್ಯತ್ಯಾಸವೆಲ್ಲ ಕೇಬಲ್ಲಿನಲ್ಲಿ ಹರಿಯುತ್ತದೆಂದು ಎಂಜಿನಿಯರುಗಳಿಗೆ ಅಂದೇ ಗೊತ್ತಿತ್ತು. 1990ರಲ್ಲಿ ತಿರುಚಿದ ಜೋಡಿ ತಂತಿಯ ಈಥರ್ನೆಟ್ ಮಾನದಂಡವಾಯಿತು, ಆ ಜೊತೆಗೆ ಟ್ರಾನ್ಸ್‌ಫಾರ್ಮರ್ ತಡೆಯೂ ಮನೆಮನೆಗೆ ಬಂತು. ನಮ್ಮಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಅದು ಫೋನಿನ ತಂತಿಯಲ್ಲಿ ಬರುತ್ತಿತ್ತು. ಆಗ ಗುಡುಗಿಗೆ ಸಾಯುತ್ತಿದ್ದದ್ದು ಡಯಲ್-ಅಪ್ ಮೋಡೆಮ್ ಕಾರ್ಡ್. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಬಂದ ಮೇಲೆ ಮೋಡೆಮ್ ಹೊರಗಿನ ಡಬ್ಬಿಯಾಯಿತು, ಒಳಗೆ ಲ್ಯಾನ್ ಕಾರ್ಡ್ ಬಂತು, ಗುಡುಗಿಗೆ ಅವೆರಡೂ ಜೋಡಿಯಾಗಿ ಸಾಯತೊಡಗಿದವು. ಆಮೇಲೆ ಕೇಬಲ್ ಟಿವಿಯವರು ನೆಟ್ ಕೊಡತೊಡಗಿದಾಗ ಮನೆಯೊಳಗೆ ಹಾಕಬೇಕಾದ ತೆಳು ಲ್ಯಾನ್ ಕೇಬಲ್ ಬೀದಿಗೆ ಬಂತು. ಕಂಬದಿಂದ ಕಂಬಕ್ಕೆ, ತಾರಸಿಯಿಂದ ತಾರಸಿಗೆ, ನಡುವೆ ಸಿಕ್ಕರೆ ತೆಂಗಿನ ಮರಕ್ಕೂ ಕಟ್ಟಿ ಎಳೆದದ್ದಾಯಿತು. ಮೂರು ಕಾಲದಲ್ಲೂ ಸಾಯುವ ವಸ್ತುವಿನ ಹೆಸರು, ಕಂಪನಿ, ತಯಾರಾದ ದೇಶ ಎಲ್ಲ ಬದಲಾಗಿವೆ, ಬದಲಾಗದೆ ಉಳಿದದ್ದು ಅದು ಕೂತ ಜಾಗ ಒಂದೇ. ಕಳಪೆ ಕಾರ್ಡಿನ ವಾದಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಎರಡು ತಂತಿ ಎಂದೆ. ಎರಡಕ್ಕೂ ತಮ್ಮ ತಮ್ಮದೇ ಭೂಮಿ ಇದೆ ಎಂಬುದು ಈ ಪ್ರಕರಣದ ತಿರುಳು. ವಿದ್ಯುತ್ತಿನ ತಂತಿಯ ಭೂಮಿ ಮನೆಯ ಅರ್ಥಿಂಗ್ ಗುಂಡಿ ಮತ್ತು ಬೀದಿಯ ಟ್ರಾನ್ಸ್‌ಫಾರ್ಮರಿನ ಬುಡ. ನೆಟ್ಟಿನ ತಂತಿಯ ಭೂಮಿ ಎಲ್ಲೋ ದೂರದ ಸ್ವಿಚ್ಚಿನ ಡಬ್ಬಿಯಲ್ಲಿ, ಅಂದರೆ ಆ ಡಬ್ಬಿಗೆ ಕರೆಂಟು ಕೊಟ್ಟ ಇನ್ಯಾವುದೋ ಮನೆಯ ಸಾಕೆಟ್ಟಿನಲ್ಲಿ. ಹತ್ತಿರ ಸಿಡಿಲು ಬಿದ್ದಾಗ ಭೂಮಿಯೆಲ್ಲ ಒಂದೇ ಎಂಬ ನಮ್ಮ ನಂಬಿಕೆ ಕೆಲವು ಮೈಕ್ರೊಸೆಕೆಂಡುಗಳ ಕಾಲ ಸುಳ್ಳಾಗುತ್ತದೆ. ಈ ತುದಿಯ ನೆಲಕ್ಕೂ ಆ ತುದಿಯ ನೆಲಕ್ಕೂ ಸಾವಿರಾರು ವೋಲ್ಟಿನ ಅಂತರ ಹುಟ್ಟಿ, ಆ ಅಂತರವೆಲ್ಲ ಎರಡೂ ಕೂಡುವ ಕಾರ್ಡಿನ ಮೇಲೆ ಬೀಳುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯಲ್ಲಿ ಫ್ರಾನ್ಸ್ವಾ ಮಾರ್ಟ್ಜ್‌ಲಾಫ್ ಎಂಬ ಎಂಜಿನಿಯರ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿ ತೋರಿಸಿದ್ದು ಇನ್ನೂ ಸೋಜಿಗದ ಸಂಗತಿ: ವಿದ್ಯುತ್ ತಂತಿಗೆ ಮಾತ್ರ ರಕ್ಷಣೆ ಹಾಕಿದರೆ ಅದೇ ಹಾನಿಗೆ ದಾರಿಯಾಗಬಹುದು. ರಕ್ಷಕ ಸಾಧನ ತನ್ನ ಕೆಲಸ ಸರಿಯಾಗಿ ಮಾಡಿ ಹೊಡೆತವನ್ನು ಭೂಮಿಗೆ ತಿರುಗಿಸಿದ ಆ ಕ್ಷಣದಲ್ಲೇ ಮನೆಯ ಅರ್ಥ್ ತಂತಿಯ ವೋಲ್ಟೇಜ್ ಮೇಲೇಳುತ್ತದೆ, ನೆಟ್ಟಿನ ತಂತಿ ಇದ್ದಲ್ಲೇ ಇರುತ್ತದೆ, ನಡುವೆ ಸಿಕ್ಕವನು ಸಾಯುತ್ತಾನೆ. “ಅಷ್ಟು ದುಡ್ಡು ಕೊಟ್ಟು ಸ್ಪೈಕ್ ಬಸ್ಟರ್ ಹಾಕಿಸಿದೆ, ಆದರೂ ಕಾರ್ಡ್ ಹೋಯಿತು” ಎಂದು ಗೊಣಗುವವರ ಗೊಣಗಾಟ ಸುಳ್ಳಲ್ಲ. ಅವರು ಒಂದು ಬಾಗಿಲಿಗೆ ಮಾತ್ರ ಅಗುಳಿ ಹಾಕಿದ್ದರು.

ಈಗ ಹಿರಿಯೂರಿಗೆ ಬರೋಣ, ಏಕೆಂದರೆ ಈ ಸಾಮಾನ್ಯ ನಿಯಮ ಇಲ್ಲಿ ಒಂದು ವಿಶೇಷ ರೂಪ ತಾಳುತ್ತದೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಒಣ ಸೀಮೆ ಇದು. ಆ ಮಳೆ ಯಾವಾಗ, ಹೇಗೆ ಬರುತ್ತದೆ ಎಂಬುದನ್ನು ರೈತರ ನಕ್ಷತ್ರದ ಲೆಕ್ಕದಷ್ಟು ಚೆನ್ನಾಗಿ ಯಾವ ಪಟ್ಟಿಯೂ ಹೇಳುವುದಿಲ್ಲ. ಏಪ್ರಿಲ್ ನಡುವಿನ ಅಶ್ವಿನಿಯಿಂದ ಭರಣಿ, ಕೃತ್ತಿಕೆಯವರೆಗೆ ಗುಡುಗು ಮಿಂಚಿನ ಸಂಜೆ ಮಳೆಗಳು. ಜೂನ್ ಜುಲೈನಲ್ಲಿ, ಮೃಗಶಿರಾ ಆರಿದ್ರಾ ಪುನರ್ವಸುವಿನ ಹೊತ್ತಿಗೆ, ಘಟ್ಟ ದಾಟಿ ಬಂದ ಗಾಳಿ ಜೋರು, ಮಳೆ ತುಂತುರು, ಗುಡುಗು ಅಪರೂಪ. ಮತ್ತೆ ಸೆಪ್ಟೆಂಬರ್ ಅಕ್ಟೋಬರಿನ ಉತ್ತರೆ, ಹಸ್ತ, ಚಿತ್ತೆಯಲ್ಲಿ ಗುಡುಗಿನ ಎರಡನೇ ಸುತ್ತು. ಕಾರ್ಡ್ ಬದಲಾಯಿಸಿದಾಗಲೆಲ್ಲ ಹಳೆಯದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದಿಟ್ಟರೆ ಈ ಪಂಚಾಂಗವೇ ತನಿಖಾಧಿಕಾರಿಯಾಗುತ್ತದೆ. ಸಾವುಗಳು ಭರಣಿ ಕೃತ್ತಿಕೆಯಲ್ಲೋ ಹಸ್ತ ಚಿತ್ತೆಯಲ್ಲೋ ಗುಂಪುಗೂಡಿದ್ದರೆ ಅಪರಾಧಿ ಸಿಡಿಲಿನ ಹೊಡೆತ. ಆಷಾಢದ ಗಾಳಿಯಲ್ಲಿ ಬಿದ್ದಿದ್ದರೆ ತಂತಿಗೆ ತಂತಿ ಬಡಿದು ಕರೆಂಟು ಕಣ್ಣುಮುಚ್ಚಾಲೆ ಆಡಿದ್ದನ್ನೋ ನ್ಯೂಟ್ರಲ್ ಕಡಿದದ್ದನ್ನೋ ಶಂಕಿಸಬೇಕು. ನ್ಯೂಟ್ರಲ್ ಹೋದರೆ 230 ಇರಬೇಕಾದ ಸಾಕೆಟ್ಟಿನಲ್ಲಿ 400ರ ಹತ್ತಿರ ಬಂದು ಕಾರ್ಡೊಂದೇ ಏಕೆ, ಟಿವಿ, ಚಾರ್ಜರುಗಳೂ ಜೊತೆಗೆ ಹೋಗುತ್ತವೆ. ಯಾವ ಮಳೆಗೂ ಹೊಂದದೆ ಮಾರ್ಚಿನ ಉರಿಬಿಸಿಲಲ್ಲೇ ಸಾಯುತ್ತಿದ್ದರೆ ಎಸ್‌ಎಂಪಿಎಸ್ ಬಿಚ್ಚಿ ನೋಡಬೇಕು. ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಸ್ಸು ಶಾಖ 10 ಡಿಗ್ರಿ ಹೆಚ್ಚಿದಂತೆ ಅರ್ಧರ್ಧ ಇಳಿಯುತ್ತದೆ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಲ್ಲಿಗೆ ಪತ್ತೆದಾರಿ ಮುಗಿಯಿತು.

ಮೊದಲ ಗುಂಪಿನ ಸಾವೇ ಹೆಚ್ಚು ಎಂದಾದರೆ ಅದಕ್ಕೆ ಈ ನೆಲದ್ದೇ ಕಾರಣವಿದೆ. ಅರ್ಥಿಂಗ್ ಕೆಲಸ ಮಾಡುವುದು ಮಣ್ಣಿನ ತೇವದಿಂದ. ತೇವ ಶೇ 15–20ಕ್ಕಿಂತ ಕೆಳಗಿಳಿದರೆ ಮಣ್ಣಿನ ವಿದ್ಯುತ್ ಪ್ರತಿರೋಧ ದಿಢೀರನೆ ಏರುತ್ತದೆ. ಹಿರಿಯೂರು ಸೀಮೆಯ ಎರೆಮಣ್ಣು ಒದ್ದೆಯಾಗಿದ್ದಾಗ ಒಳ್ಳೆಯ ವಾಹಕ. ಆದರೆ ಬೇಸಿಗೆಗೆ ಅದು ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಟ್ಟು, ಹೂತಿಟ್ಟ ಪೈಪಿನಿಂದಲೇ ದೂರ ಸರಿಯುತ್ತದೆ. ಕೆಂಪು ಗರಸು ನೆಲದಲ್ಲಿ ನೀರು ನಿಲ್ಲುವುದೇ ಇಲ್ಲ. ಅಂದರೆ ವರ್ಷದಲ್ಲಿ ಅರ್ಥಿಂಗ್ ಅತಿ ದುರ್ಬಲವಾಗಿರುವ ದಿನಗಳು ಏಪ್ರಿಲ್ ಕೊನೆ, ಮೇ ತಿಂಗಳು. ಸಿಡಿಲಿನ ಮೊದಲ ಸುತ್ತು ಬರುವುದೂ ಅದೇ ದಿನಗಳಲ್ಲಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಬೆಳೆಗೆ ಅದು ಸರಿ. ಆ ಮಳೆಯ ಮೊದಲ ಗುಡುಗು ಮಾತ್ರ ಮಣ್ಣು ನೆನೆಯುವುದಕ್ಕೆ ಮುಂಚೆಯೇ ಬಂದುಬಿಡುತ್ತದೆ. ಭಾರತೀಯ ಮಾನಕ ಬ್ಯೂರೊದ ಅರ್ಥಿಂಗ್ ಸಂಹಿತೆ ಐಎಸ್ 3043 ಪೈಪಿನ ಉದ್ದ ಕನಿಷ್ಠ 2.5 ಮೀಟರ್ ಇರಬೇಕೆನ್ನುವುದು ಸುಮ್ಮನೆ ಅಲ್ಲ. ಮೇಲ್ಪದರ ಒಣಗಿದರೂ ಆಳದಲ್ಲಿ ತೇವ ಸಿಗಲಿ ಎಂದು. ಮನೆ ಕಟ್ಟುವಾಗ ಒಂದು ಮೊಳ ಗುಂಡಿ ತೋಡಿ, ಒಂದು ತುಂಡು ಜಿಐ ಪೈಪು ನೆಟ್ಟು, ಒಂದು ಹಿಡಿ ಉಪ್ಪು ಇದ್ದಿಲು ಹಾಕಿ ಮೇಲೆ ಟೈಲ್ಸ್ ಮುಚ್ಚಿದರೆ ಅದು ಅರ್ಥಿಂಗಿನ ಶಾಸ್ತ್ರ ಮುಗಿಸಿದಂತೆ ಅಷ್ಟೇ. ಉಪ್ಪು ಕೆಲವು ಮಳೆಗಾಲದಲ್ಲಿ ಕರಗಿ ಹೋಗುತ್ತದೆ, ಪೈಪು ತುಕ್ಕು ಹಿಡಿಯುತ್ತದೆ, ನೀರು ಹುಯ್ಯಲು ಬಾಯಿ ಇಲ್ಲ. ಯುಗಾದಿ ಕಳೆದ ಮೇಲೆ ವಾರಕ್ಕೆರಡು ಕೊಡ ನೀರು ಆ ಗುಂಡಿಗೆ ಬಿದ್ದರೆ ಅದು ಲ್ಯಾನ್ ಕಾರ್ಡಿಗೆ ಹಾಕುವ ಅತಿ ಅಗ್ಗದ ವಿಮೆ.

ಗುಂಡಿ ಸರಿಯಿದ್ದರೂ ಅದು ಸಾಕೆಟ್ಟಿನವರೆಗೆ ತಲುಪಿದೆಯೇ ಎಂಬುದು ಬೇರೆ ಮಾತು. ಇದನ್ನು ಕಂಪ್ಯೂಟರೇ ಹೇಳುತ್ತದೆ. ತಲುಪದಿದ್ದರೆ, ಬರಿಗಾಲಲ್ಲಿ ನಿಂತು ಸಿಪಿಯು ಡಬ್ಬದ ಹಿಂಬದಿಯ ಬಣ್ಣವಿಲ್ಲದ ಲೋಹಕ್ಕೆ ಬೆರಳ ಹಿಂಭಾಗ ತಾಗಿಸಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಟೆಸ್ಟರ್ ಇಟ್ಟರೆ ಅದರ ನಿಯಾನ್ ದೀಪ ಮಂಕಾಗಿ ಕೆಂಪಗೆ ಹೊತ್ತುತ್ತದೆ. ಮನೆಯವರು ಇದನ್ನು “ಕಂಪ್ಯೂಟರ್ ಅಂದ್ರೆ ಸ್ವಲ್ಪ ಶಾಕ್ ಇರುತ್ತೆ ಬಿಡಿ” ಎಂದು ಒಪ್ಪಿಕೊಂಡುಬಿಟ್ಟಿರುತ್ತಾರೆ. ಎಸ್‌ಎಂಪಿಎಸ್‌ನ ಒಳಗೆ ಫೇಸಿನಿಂದ ಡಬ್ಬಕ್ಕೆ ಒಂದು, ನ್ಯೂಟ್ರಲ್‌ನಿಂದ ಡಬ್ಬಕ್ಕೆ ಒಂದು ಚಿಕ್ಕ ಕೆಪಾಸಿಟರ್ ಇರುತ್ತವೆ. ಅವು ವಿದ್ಯುತ್ ಗದ್ದಲವನ್ನು ಅರ್ಥಿಗೆ ಹರಿಸಬೇಕು. ಅರ್ಥ್ ಇಲ್ಲದಿದ್ದರೆ ಡಬ್ಬ ಎರಡರ ನಟ್ಟನಡುವೆ, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟು ಮಿಲಿಆಂಪಿಯರಿಗೂ ಕಡಿಮೆಯಾದ್ದರಿಂದ ಯಾರಿಗೂ ಏನೂ ಆಗುವುದಿಲ್ಲ, ಕಾರ್ಡೂ ಇದರಿಂದಲೇ ಸಾಯುವುದಿಲ್ಲ. ಆದರೆ ಈ ಜುಮ್ಮು, ಸಾಕೆಟ್ಟಿನ ಮೂರನೇ ತೂತು ಖಾಲಿ ಎಂಬುದಕ್ಕೆ ಸಹಿ ಹಾಕಿದ ಪತ್ರ. ಮಲ್ಟಿಮೀಟರಿನಲ್ಲಿ ಫೇಸ್–ಅರ್ಥ್ ನಡುವೆ 230 ತೋರಿಸಿತೆಂದು ಸಮಾಧಾನಪಡುವಂತೆಯೂ ಇಲ್ಲ. ನೂಲಿನಷ್ಟು ಸಂಪರ್ಕವಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹಳೆಯ ಎಲೆಕ್ಟ್ರಿಷಿಯನ್ನರ ಟೆಸ್ಟ್ ಲ್ಯಾಂಪೇ ಪ್ರಾಮಾಣಿಕ: ಫೇಸಿಗೂ ಅರ್ಥಿಗೂ ನಡುವೆ ಹಿಡಿದ ಬಲ್ಬು ನಿಗಿನಿಗಿ ಉರಿದರೆ ಸರಿ, ಮಿಣುಕಿದರೆ ಗುಂಡಿಗೆ ಹೋಗಿ ಎಂದರ್ಥ. ಈ ಪರೀಕ್ಷೆ ಅವರ ಕೈಯಲ್ಲೇ ನಡೆಯಲಿ. ಇನ್ನೊಂದು ಚಾಳಿಯ ಬಗ್ಗೆಯೂ ಎಚ್ಚರ ಬೇಕು. ಅರ್ಥ್ ಇಲ್ಲದ ಕಡೆ ಸಾಕೆಟ್ಟಿನ ಒಳಗೇ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ಎಳೆದು ಮೂರನೇ ಪಿನ್ನಿಗೆ ಸಿಕ್ಕಿಸುವವರಿದ್ದಾರೆ. ಜುಮ್ಮು ಆ ಕ್ಷಣವೇ ನಿಲ್ಲುತ್ತದೆ, ಬಲ್ಬೂ ಉರಿಯುತ್ತದೆ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಮಾತ್ರ ಡಬ್ಬದ ಮೈಯೆಲ್ಲ 230 ವೋಲ್ಟ್. ಅಂದು ಹೋಗುವುದು ಕಾರ್ಡಲ್ಲ.

“ನಮ್ಮಲ್ಲಿ ಸ್ಟೆಬಿಲೈಸರ್ ಇದೆ, ಯುಪಿಎಸ್ ಇದೆ, ಇನ್ನೇನು ಬೇಕು?” ಎಂಬುದು ಮೊದಲ ಆಕ್ಷೇಪ. ಸ್ಟೆಬಿಲೈಸರ್ ವೋಲ್ಟೇಜಿನ ನಿಧಾನದ ಏರಿಳಿತವನ್ನು ತಿದ್ದುತ್ತದೆ. ಅದರ ರಿಲೇ ಕಟ್ ಎನ್ನುವಷ್ಟರಲ್ಲಿ ಸಿಡಿಲಿನ ಹೊಡೆತ ಬಂದು ಹೋಗಿ ಸಾವಿರ ಸಲ ಮರಳುವಷ್ಟು ಹೊತ್ತಾಗಿರುತ್ತದೆ. ಯುಪಿಎಸ್ ಕರೆಂಟು ಹೋದಾಗ ಬ್ಯಾಟರಿ ಕೊಡುತ್ತದೆ, ನೆಟ್ಟಿನ ತಂತಿಯತ್ತ ತಿರುಗಿಯೂ ನೋಡುವುದಿಲ್ಲ. ಸ್ಪೈಕ್ ಬಸ್ಟರಿನ ಒಳಗಿರುವ ಎಂಒವಿ ಎಂಬ ಬಿಲ್ಲೆ ನಿಜಕ್ಕೂ ಕೆಲಸದ ವಸ್ತು, ಆದರೆ ಅದು ಹೊಡೆತವನ್ನು ನುಂಗುವುದಕ್ಕಿಂತ ಹೆಚ್ಚಾಗಿ ಅರ್ಥಿಗೆ ದಾಟಿಸುತ್ತದೆ. ದಾಟಿಸಲು ಅರ್ಥೇ ಇಲ್ಲದಿದ್ದರೆ ಅದರ ಕೆಂಪು ದೀಪ ಅಲಂಕಾರಕ್ಕೆ. ಹಿರಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮಾರಿಕಣಿವೆಯ ಅಣೆಕಟ್ಟನ್ನು ನೋಡಿದವರು ಅವರು. ಅಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಕಟ್ಟೆಯ ಜೊತೆಗೆ ಕೋಡಿಯನ್ನೂ ಕಟ್ಟಿದರು. ಕಟ್ಟೆ ಎಷ್ಟೇ ಗಟ್ಟಿಯಿರಲಿ, ಹೆಚ್ಚಾದ ನೀರಿಗೆ ದಾರಿ ಕೊಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ. ಆ ಕೋಡಿ 1933ರಲ್ಲಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಆಮೇಲೆ ಮೂರು ವರ್ಷ ತುಂಬುವ ಮೊದಲೇ, 2025ರ ಜನವರಿಯಲ್ಲಿ ಇನ್ನೊಮ್ಮೆ. ಆ 89 ವರ್ಷಗಳ ನಡುವೆ ಹುಟ್ಟಿ ಮುದುಕರಾದವರು ಕೋಡಿ ಬಿದ್ದದ್ದನ್ನೇ ಕಂಡಿರಲಿಲ್ಲ, ಹಾಗೆಂದು ಅದನ್ನು ಮುಚ್ಚಿಸಿ ಎಂದು ಯಾರೂ ಹೇಳಲಿಲ್ಲ. “ಇಷ್ಟು ವರ್ಷ ಅರ್ಥಿಂಗ್ ಇಲ್ಲದೆಯೇ ಟಿವಿ ನಡೆದಿದೆ” ಎನ್ನುವವರಿಗೂ ಇದೇ ಉತ್ತರ.

ಎರಡನೇ ಆಕ್ಷೇಪ ಲೆಕ್ಕಾಚಾರದ್ದು. ಕಾರ್ಡಿಗೆ ಕೆಲವು ನೂರು, ಹೊಸ ಅರ್ಥಿಂಗ್ ಗುಂಡಿಗೆ ಕೆಲವು ಸಾವಿರ. ವರ್ಷಕ್ಕೊಂದು ಕಾರ್ಡ್ ಹಾಕಿದರೂ ಗುಂಡಿಯ ದುಡ್ಡು ಹುಟ್ಟಲು ಎಷ್ಟೋ ವರ್ಷ ಬೇಕು, ಆದ್ದರಿಂದ ಕಾರ್ಡನ್ನೇ ಬದಲಾಯಿಸುತ್ತ ಹೋಗುವುದು ಜಾಣತನ. ಮೇಲ್ನೋಟಕ್ಕೆ ಈ ಲೆಕ್ಕದಲ್ಲಿ ತಪ್ಪಿಲ್ಲ, ಕಂಪ್ಯೂಟರಿನಲ್ಲಿ ಬಿಡಿ ಕಾರ್ಡು ಇದ್ದ ಕಾಲಕ್ಕೆ ಅದು ಇನ್ನೂ ಹೆಚ್ಚು ಒಪ್ಪುತ್ತಿತ್ತು. ರಿಯಲ್‌ಟೆಕ್ 8139 ಚಿಪ್ಪಿನ ಕಾರ್ಡುಗಳು ಅಗ್ಗವಾಗಿ ಸಿಗುತ್ತಿದ್ದ ದಿನಗಳಲ್ಲಿ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿದರೆ ಆಯಿತು. ಈಗ ಲ್ಯಾನ್ ಮದರ್‌ಬೋರ್ಡಿನ ಮೈಯಲ್ಲೇ ಇದೆ. ಅದು ಹೋದ ಮೇಲೆ ಬಿಡಿ ಕಾರ್ಡನ್ನೋ ಯುಎಸ್‌ಬಿ ಲ್ಯಾನನ್ನೋ ಹಾಕಿ ತೇಪೆ ಹಚ್ಚಬಹುದು ನಿಜ, ಆದರೆ ಮುಂದಿನ ಹೊಡೆತಕ್ಕೂ ಬೋರ್ಡಿಗೂ ನಡುವೆ ಯಾರೂ ಇಲ್ಲ. ಲೆಕ್ಕದ ದೊಡ್ಡ ದೋಷ ಬೇರೆ ಕಡೆ ಇದೆ: ಅದು ಅರ್ಥಿಂಗನ್ನು ಕಾರ್ಡಿನ ಖರ್ಚಿಗೆ ಬರೆಯುತ್ತದೆ. ಅರ್ಥಿಂಗ್ ಗೀಸರಿನದು, ವಾಷಿಂಗ್ ಮೆಷೀನಿನದು, ಒದ್ದೆ ಕೈಯಲ್ಲಿ ಮೋಟಾರಿನ ಸ್ವಿಚ್ ಹಾಕುವವರದು. 30 ಮಿಲಿಆಂಪಿಯರಿನ ಆರ್‌ಸಿಸಿಬಿಯೊಂದು ಬೋರ್ಡಿನಲ್ಲಿದ್ದು ಹಿಂದೆ ಸರಿಯಾದ ಅರ್ಥ್ ಇದ್ದರೆ, ಸೋರುವ ಉಪಕರಣವನ್ನು ಯಾರಾದರೂ ಮುಟ್ಟುವ ಮುಂಚೆಯೇ ಕರೆಂಟು ಕಡಿಯುತ್ತದೆ. ಮನೆಯಲ್ಲಿ ಅರ್ಥ್ ಇಲ್ಲವೆಂಬ ಸುದ್ದಿಯನ್ನು ಕಾರ್ಡ್ ಕೆಲವು ನೂರು ರೂಪಾಯಿಗೆ ಮೊದಲೇ ತಿಳಿಸಿದೆ. ಆ ಸುದ್ದಿಯನ್ನು ಕಸದ ಬುಟ್ಟಿಗೆ ಹಾಕಿ ಇನ್ನೊಂದು ಕಾರ್ಡ್ ಕೊಳ್ಳುವುದನ್ನು ಉಳಿತಾಯ ಎನ್ನಲಾಗದು.

ಮೂರನೆಯವರು ಹೇಳುತ್ತಾರೆ: ಈಗ ಎಲ್ಲ ಕಡೆ ಫೈಬರ್ ಬಂತು, ಮನೆಯೊಳಗೆ ವೈಫೈ, ಲ್ಯಾನ್ ಕೇಬಲ್ ಕಾಲವೇ ಮುಗಿಯಿತು, ಈ ಹಳೆ ಪುರಾಣ ಏಕೆ? ಈ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ, ನನ್ನ ವಾದಕ್ಕೆ ಅದೇ ಸಾಕ್ಷಿಯೂ ಹೌದು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ದೂರದ ಭೂಮಿಗೂ ಮನೆಯ ಭೂಮಿಗೂ ಇದ್ದ ನಂಟು ಅಲ್ಲಿಗೆ ಕಡಿಯಿತು. ಫೈಬರ್ ಬಂದ ಮನೆಗಳಲ್ಲಿ ಕಾರ್ಡ್ ಸಾಯುವುದು ಕಡಿಮೆಯಾಯಿತೆಂದರೆ ಕಾರ್ಡುಗಳು ಒಳ್ಳೆಯವಾದದ್ದರಿಂದಲ್ಲ, ಬೀದಿಯ ತಾಮ್ರ ಮನೆ ಬಿಟ್ಟದ್ದರಿಂದ. ಆದರೂ ಮೂರು ಕಡೆ ತಾಮ್ರ ಮತ್ತು ಉಕ್ಕು ಉಳಿದಿವೆ. ಕಂಬದಿಂದ ಬರುವ ಫೈಬರ್ ಕೇಬಲ್ಲಿನ ಭಾರ ಹೊರಲು ಅದರ ಜೊತೆ ಒಂದು ಉಕ್ಕಿನ ತಂತಿ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು, ಕಿಟಕಿಯ ಸರಳು ದಾಟಿಸಿ, ಫೈಬರ್ ಬಂದು ಸೇರುವ ಓಎನ್‌ಟಿ ಡಬ್ಬಿಯವರೆಗೆ ತರಬಾರದು. ಡಬ್ಬಿಯಿಂದ ಕಂಪ್ಯೂಟರಿಗೆ ಮತ್ತೆ ತಾಮ್ರದ ಕೇಬಲ್ಲೇ. ಡಬ್ಬಿ ಹಾಲಿನ ಒಂದು ಸಾಕೆಟ್ಟಿನಲ್ಲಿ, ಕಂಪ್ಯೂಟರ್ ಮಹಡಿಯ ಇನ್ನೊಂದರಲ್ಲಿ ಇದ್ದರೆ ಎರಡು ತಂತಿಗಳ ನಡುವೆ ದೊಡ್ಡ ಸುತ್ತು ಉಳಿದೇ ಇರುತ್ತದೆ. ಎರಡನ್ನೂ ಒಂದೇ ಪವರ್ ಸ್ಟ್ರಿಪ್ಪಿಗೆ ಹಾಕಿ ಕೇಬಲ್ ಗಿಡ್ಡ ಮಾಡಿದರೆ ಆ ಸುತ್ತು ಕುಗ್ಗುತ್ತದೆ. ಮೂರನೆಯದು ಅಣ್ಣನ ಮನೆಯಿಂದ ತಮ್ಮನ ಮನೆಗೆ, ಮನೆಯಿಂದ ತೋಟದ ಸಿಸಿಟಿವಿಗೆ ಬಯಲಲ್ಲಿ ಎಳೆದ ಲ್ಯಾನ್ ಕೇಬಲ್. ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯುವುದೆಂದರೆ ಎರಡು ಭೂಮಿಗಳನ್ನು ಒಂದು ಕಾರ್ಡಿನ ಕೊರಳಿಗೆ ಕಟ್ಟಿದಂತೆ. ಅಲ್ಲಿ ಒಂದು ಜೋಡಿ ಮೀಡಿಯಾ ಕನ್ವರ್ಟರ್ ಹಾಕಿ ಫೈಬರ್ ಎಳೆಯಬೇಕು, ಇಲ್ಲವೇ ವೈಫೈ ಸಾಕು.

ಕೊನೆಯ ಆಕ್ಷೇಪಕ್ಕೆ ನಾನು ಬಹುಪಾಲು ತಲೆಬಾಗುತ್ತೇನೆ. ಸಿಡಿಲು ಮನೆಯ ಮೇಲೇ ಬಿದ್ದರೆ ಯಾವ ಗುಂಡಿ, ಯಾವ ರಕ್ಷಕ ಉಳಿಸುತ್ತದೆ? ಮನೆಯ ಮಾಮೂಲಿ ವೈರಿಂಗಿನಲ್ಲಿ ಏನೂ ಉಳಿಸುವುದಿಲ್ಲ. ಚಿತ್ರದುರ್ಗ, ಹಿರಿಯೂರಿನ ಗುಡ್ಡಗಳ ಮೇಲೆ ನಿಂತ ಗಾಳಿಯಂತ್ರಗಳು ಅದಕ್ಕೇ ಸಿದ್ಧವಾಗಿ ಬಂದಿವೆ. ರೆಕ್ಕೆಯ ತುದಿಯ ಲೋಹದ ಬಿಲ್ಲೆಯಿಂದ ಒಳಗಿನ ತಂತಿ, ಗೋಪುರ, ಬುಡದ ಸುತ್ತಲಿನ ಅರ್ಥ್ ಉಂಗುರದವರೆಗೆ ಸಿಡಿಲಿಗೆ ದಾರಿ ಕಡಿಯದಂತೆ ಕಟ್ಟಿರುತ್ತಾರೆ. ಮನೆಗೆ ಅಷ್ಟು ಸಾಧ್ಯವಿಲ್ಲ, ಆಗ ಉಳಿಯುವುದು ಪ್ಲಗ್ ಕೀಳುವುದೊಂದೇ. ಹಾಗಾದರೆ ಕೀಳುವುದೇ ಸಾಕಲ್ಲ, ಇಷ್ಟು ಪಾಡೇಕೆ ಎಂದು ಕೇಳಬಹುದು. ಕಿತ್ತರೆ ಖಂಡಿತ ಸಾಕು, ಅದಕ್ಕೆ ಖರ್ಚೂ ಇಲ್ಲ, ಆದರೆ ಎರಡು ಷರತ್ತು. ಪವರ್ ಕೇಬಲ್ಲಿನ ಜೊತೆ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಒಂದನ್ನು ಕಿತ್ತು ಇನ್ನೊಂದನ್ನು ಬಿಡುವವರೇ ಹೆಚ್ಚು. ಮತ್ತು ಗುಡುಗು ದೂರದಲ್ಲಿರುವಾಗಲೇ ಕೀಳಬೇಕು. ಮಿಂಚು ನೆತ್ತಿಯ ಮೇಲಿರುವಾಗ ಕೇಬಲ್ಲಿಗೆ ಕೈ ಹಾಕುವುದು ಕಾರ್ಡ್ ಉಳಿಸಿ ಕೈ ಕಳೆದುಕೊಳ್ಳುವ ವ್ಯವಹಾರ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ‘ದಾಮಿನಿ’, ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳು ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತವೆ. ಆದರೆ ನಡುರಾತ್ರಿ ನಿದ್ದೆಯಲ್ಲಿರುವವರು, ಮನೆಗೆ ಬೀಗ ಹಾಕಿ ಮದುವೆಗೆ ಹೋದವರು ಆ್ಯಪ್ ನೋಡುವುದಿಲ್ಲ. ಅಂಥ ರಾತ್ರಿ ಎಚ್ಚರವಾಗಿರುವುದು ಗುಂಡಿ ಮಾತ್ರ. ಮಣ್ಣು ಎಷ್ಟೇ ಒಣಗಿದ್ದರೂ, ಮನೆಯ ಎಲ್ಲ ತಂತಿಗಳ ಅರ್ಥ್ ಒಂದೇ ಕಂಬಿಗೆ ಬಂದು ಕೂಡಿದ್ದರೆ ಹೊಡೆತ ಬಂದಾಗ ಎಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ನಡುವೆ ಅಂತರ ಹುಟ್ಟುವುದಿಲ್ಲ. ಕಾರ್ಡನ್ನು ಕೊಲ್ಲುವುದು ಆ ಅಂತರವೇ.

ಇಷ್ಟನ್ನೂ ಕ್ರಮಕ್ಕೆ ತಂದರೆ ಕೆಲಸ ಹೆಚ್ಚಿಲ್ಲ. ಮೊದಲು ಕಾರ್ಡ್ ಸತ್ತದ್ದು ನಿಜವೇ ನೋಡಿ, ಸತ್ತ ತಾರೀಖು ಬರೆದಿಟ್ಟು, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಮೂರನೇ ಪಿನ್ನನ್ನು ಪರೀಕ್ಷಿಸಿ, ಗುಂಡಿಗೆ ಬಾಯಿ ಮಾಡಿ ನೀರು ಹುಯ್ದು, ಬಯಲ ತಾಮ್ರವನ್ನು ಮನೆಯಿಂದ ಹೊರಗಟ್ಟಿ, ಆಮೇಲೆ ಹೊಸ ಕಾರ್ಡ್ ಕೊಳ್ಳಬೇಕು. ನಮ್ಮಲ್ಲಿ ನಡೆಯುವುದು ಈ ಪಟ್ಟಿಯ ಕೊನೆಯ ಸಾಲು ಮಾತ್ರ. ಅಂಗಡಿಯವರನ್ನು ದೂರಿ ಫಲವಿಲ್ಲ, ಅವರು ಮಾರುವುದು ಕಾರ್ಡ್, ಗುಂಡಿಯಲ್ಲ. ಎಲೆಕ್ಟ್ರಿಷಿಯನ್ನರನ್ನೂ ದೂರುವಂತಿಲ್ಲ, ಗ್ರಾನೈಟಿಗೆ, ಬಾಗಿಲಿನ ಕೆತ್ತನೆಗೆ ಇಲ್ಲದ ಚೌಕಾಸಿ ಅರ್ಥಿಂಗಿಗೆ ಬಂದಾಗ ಶುರುವಾಗುವುದು ಮನೆ ಕಟ್ಟಿಸುವವರದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ದುರ್ಗದ ಸೀಮೆಯವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. ಇಲ್ಲಿ ನಾವು ಅದಕ್ಕಿಂತ ಒಂದು ಹೆಜ್ಜೆ ಹಿಂದಿದ್ದೇವೆ. ಕೊಳ್ಳೆ ಹೋದಾಗಲೆಲ್ಲ ಒಳಗೆ ಹೊಸ ಕಾವಲುಗಾರನನ್ನು ನಿಲ್ಲಿಸಿ ಬಾಗಿಲನ್ನು ತೆರೆದೇ ಇಟ್ಟಿದ್ದೇವೆ. ಕಂಪ್ಯೂಟರಿನ ಬಿಡಿಭಾಗಕ್ಕೆ ಸಹಜವಾದ ಅಂತ್ಯವೊಂದಿದೆ: ಹೊಸ ವೇಗದ್ದು ಬಂದು, ಇದು ಕೆಲಸ ಮಾಡುತ್ತಿದ್ದರೂ ಯಾರಿಗೂ ಬೇಡವಾಗಿ, ಅಟ್ಟದ ಡಬ್ಬ ಸೇರುವುದು. ಮನೆಯ ಅರ್ಥಿಂಗ್ ನೆಟ್ಟಗಿದೆಯೇ ಎಂದು ತಿಳಿಯಲು ಆ ಡಬ್ಬ ತೆಗೆದು ನೋಡಿದರೆ ಸಾಕು. ಅಲ್ಲಿರುವ ಹಳೆ ಕಾರ್ಡುಗಳನ್ನು ಸಿಕ್ಕಿಸಿದರೆ ಇನ್ನೂ ದೀಪ ಹೊತ್ತಬೇಕು.